ಮೆಚ್ಚಿದ ಪುಸ್ತಕವನ್ನೂ ಓದುತ್ತಿರುವ ಪುಸ್ತಕವನ್ನೂ ಇತರ ಓದುಗರಿಗೆ ಹೇಳುವ ಬಗೆ

"ತುಂಬಾ ಚೆನ್ನಾಗಿದೆ, ನೀವು ಓದಲೇಬೇಕು" ಎಂದು ಯಾರಾದರೂ ಹೇಳಿದಾಗ ನಾವು ಪುಸ್ತಕದ ಹೆಸರನ್ನು ಗುರುತು ಹಾಕಿಕೊಳ್ಳುತ್ತೇವೆ, ಎರಡು ವಾರದ ನಂತರ ಆ ಹೆಸರನ್ನು ಏಕೆ ಬರೆದುಕೊಂಡೆವು ಎಂಬುದೇ ನೆನಪಿರುವುದಿಲ್ಲ. ಇದರಲ್ಲಿ ಕೇಳಿಸಿಕೊಂಡವರ ತಪ್ಪು ಹೆಚ್ಚೇನಿಲ್ಲ. ಆ ಮಾತಿನಲ್ಲಿ ಹೇಳಿದವರ ಸಂತೋಷವಿತ್ತೇ ಹೊರತು ಪುಸ್ತಕದ ವಿಷಯ ಏನೂ ಇರಲಿಲ್ಲ. ಒಂದು ಪುಸ್ತಕದ ಬಗ್ಗೆ ಸರಿಯಾಗಿ ಹೇಳಿದ್ದೇನೆಯೇ ಎಂದು ತಿಳಿಯಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಕೇಳಿದವರು "ಹಾಗಾದರೆ ಇದು ನನಗೆ ಬೇಡ" ಎಂದು ಸಂಕೋಚವಿಲ್ಲದೆ ಹೇಳಲು ಸಾಕಾಗುವಷ್ಟು ವಿವರ ನನ್ನ ಮಾತಿನಲ್ಲಿತ್ತೇ? ಬೇಡವೆನ್ನಲು ಸಾಕಾದ ವಿವರ ಬೇಕೆನ್ನುವುದಕ್ಕೂ ಸಾಕಾಗುತ್ತದೆ.

ಈ ಅಳತೆ ಹೊಸದೇನೂ ಅಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಈ ಎರಡನ್ನು ಪುಸ್ತಕಪ್ರೇಮಿಗಳು ಆಗಾಗ ನೆನೆಯುತ್ತಾರೆ. ಓದುಗನ ಸಮಯವನ್ನು ಉಳಿಸಿ ಎನ್ನುವ ನಾಲ್ಕನೆಯದನ್ನು ಮಾತ್ರ ಉತ್ಸಾಹದ ಭರದಲ್ಲಿ ಮರೆಯುತ್ತೇವೆ. ಗಂಟೆಗೆ 30 ಪುಟ ಓದುವವರಿಗೆ 400 ಪುಟಗಳ ಕಾದಂಬರಿಯೆಂದರೆ 13 ಗಂಟೆಗೂ ಮೀರಿದ ಕೆಲಸ. ಅಷ್ಟು ಹೊತ್ತನ್ನು ಇನ್ನೊಬ್ಬರಿಂದ ಕೇಳುವಾಗ ಎರಡು ನಿಮಿಷ ಯೋಚಿಸಿ ಮಾತನಾಡುವುದು ದೊಡ್ಡ ಶ್ರಮವಲ್ಲ.

ಮೊದಲು ನಿಮಗಾಗಿ ಬರೆದಿಟ್ಟುಕೊಳ್ಳಿ

ಓದಿ ಮುಗಿಸಿದ ದಿನವೇ ನಾಲ್ಕು ಸಾಲು ಬರೆದಿಡದಿದ್ದರೆ ಹೇಳಲು ನಮ್ಮಲ್ಲಿ ಉಳಿಯುವುದು "ಚೆನ್ನಾಗಿದೆ" ಎಂಬುದಷ್ಟೇ. ಮರೆವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು: ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ಒಂದೆರಡು ದಿನಗಳಲ್ಲಿ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಅವರು ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು, ಕಾದಂಬರಿಯನ್ನಲ್ಲ. ಕಥೆ ಅಷ್ಟು ಬೇಗ ಮರೆಯುವುದಿಲ್ಲ ಎಂಬುದೂ ನಿಜ. ಆದರೆ ಯಾವ ಪುಟದಲ್ಲಿ ಓದು ತಡೆಯಿತು, ಯಾವ ಸಾಲನ್ನು ಎರಡನೆಯ ಸಲ ಓದಿದೆ, ಎಲ್ಲಿ ಬೇಸರ ಬಂದು ಇನ್ನೆಷ್ಟು ಪುಟ ಉಳಿದಿದೆ ಎಂದು ನೋಡಿದೆ ಎಂಬಂತಹ ಸಣ್ಣ ಸಂಗತಿಗಳು ಮಾತ್ರ ನಿಜಕ್ಕೂ ಮರುದಿನಕ್ಕೆ ಇರುವುದಿಲ್ಲ. ಹಂಚಿಕೊಳ್ಳುವಾಗ ಬೆಲೆಬಾಳುವುದು ಅವೇ, ಏಕೆಂದರೆ ಕಥೆಯ ಸಾರಾಂಶವನ್ನು ಬೆನ್ನುಡಿಯೇ ಹೇಳಿರುತ್ತದೆ.

ಟಿಪ್ಪಣಿಯ ತಲೆಯಲ್ಲಿ ಪುಸ್ತಕದ ಗುರುತು ಪೂರ್ತಿಯಾಗಿರಲಿ: ಹೆಸರು, ಲೇಖಕರು, ಅನುವಾದವಾದರೆ ಅನುವಾದಕರು, ಪ್ರಕಾಶಕರು, ಎಷ್ಟನೆಯ ಆವೃತ್ತಿ, ಪುಟಗಳ ಸಂಖ್ಯೆ. ಅನುವಾದಕರ ಹೆಸರನ್ನು ಬಿಡುವುದು ನಮ್ಮಲ್ಲಿ ಬೇರೂರಿದ ಕೆಟ್ಟ ಅಭ್ಯಾಸ. ಒಂದೇ ಕೃತಿಗೆ ಎರಡು ಮೂರು ಅನುವಾದಗಳಿರುವಾಗ ನೀವು ಮೆಚ್ಚಿದ ಭಾಷೆ ಅವುಗಳಲ್ಲಿ ಒಂದರದ್ದು ಮಾತ್ರ, ಕೇಳಿದವರು ಇನ್ನೊಂದನ್ನು ಕೊಂಡು ನಿರಾಶರಾದರೆ ಹೊಣೆ ನಿಮ್ಮದೇ. ಗೊಂದಲಕ್ಕೆ ಎಡೆಯಿರುವ ಕಡೆ ಪುಸ್ತಕದ ಗುರುತಿಗೆಂದು ಕೊಡುವ ಐಎಸ್‌ಬಿಎನ್ ಸಂಖ್ಯೆಯನ್ನೂ ಬರೆದುಕೊಳ್ಳಿ. 2007ರ ಜನವರಿ 1ರಿಂದ ಈ ಸಂಖ್ಯೆಗೆ 13 ಅಂಕಿಗಳು, ಆರಂಭ 978 ಅಥವಾ 979. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ 10 ಅಂಕಿಗಳಿರುತ್ತವೆ. ಗಟ್ಟಿ ರಟ್ಟಿನ ಪ್ರತಿಗೂ ಸಾದಾ ಪ್ರತಿಗೂ ಇ-ಪುಸ್ತಕಕ್ಕೂ ಪರಿಷ್ಕೃತ ಆವೃತ್ತಿಗೂ ಬೇರೆ ಬೇರೆ ಸಂಖ್ಯೆ ಇರುವುದರಿಂದ ನೀವು ಓದಿದ್ದು ಯಾವುದು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಬಹಳ ಹಳೆಯ ಪುಸ್ತಕಗಳಿಗೆ ಈ ಸಂಖ್ಯೆಯೇ ಇರುವುದಿಲ್ಲ. ಅಲ್ಲಿ ಮುದ್ರಣದ ವರ್ಷ ಸಾಕು.

ಮೆಚ್ಚಿದ್ದನ್ನು ಹೇಳುವಾಗ

ಪುಸ್ತಕವನ್ನು ಹೊಗಳುವ ಮುನ್ನ ಎದುರಿನವರನ್ನು ಎರಡು ಪ್ರಶ್ನೆ ಕೇಳಿ. ಇತ್ತೀಚೆಗೆ ಓದಿ ಮೆಚ್ಚಿದ್ದು ಯಾವುದು ಎಂಬುದು ಒಂದು. ಅರ್ಧಕ್ಕೆ ಬಿಟ್ಟದ್ದು ಯಾವುದು, ಯಾಕೆ ಬಿಟ್ಟಿರಿ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೆಚ್ಚಿದ ಪುಸ್ತಕಗಳ ಪಟ್ಟಿ ಕೊಡುವಾಗ ಎಲ್ಲರೂ ಸ್ವಲ್ಪ ಗಂಭೀರರಾಗುತ್ತಾರೆ, ದೊಡ್ಡ ಹೆಸರುಗಳನ್ನು ಹೇಳುತ್ತಾರೆ. ಬಿಟ್ಟ ಪುಸ್ತಕದ ವಿಷಯಕ್ಕೆ ಬಂದರೆ "ಬರೀ ವರ್ಣನೆ", "ಯಾರು ಯಾರೆಂದೇ ತಿಳಿಯಲಿಲ್ಲ", "ಎಲ್ಲರೂ ಒಂದೇ ಥರ ಮಾತನಾಡುತ್ತಾರೆ" ಎಂದು ಮನಸ್ಸಿನಲ್ಲಿದ್ದುದನ್ನೇ ಹೇಳಿಬಿಡುತ್ತಾರೆ.

ಉತ್ತರ ಸಿಕ್ಕ ಮೇಲೆ ಅದನ್ನು ಅರ್ಥಮಾಡಿಕೊಳ್ಳಲು ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ನಾಲ್ಕು ಬಾಗಿಲುಗಳ ಕಲ್ಪನೆ ನೆರವಾಗುತ್ತದೆ. ಓದುಗರು ಪುಸ್ತಕದೊಳಗೆ ಕಥೆ, ಪಾತ್ರ, ಪರಿಸರ, ಭಾಷೆ ಎಂಬ ನಾಲ್ಕು ಬಾಗಿಲುಗಳಿಂದ ಪ್ರವೇಶಿಸುತ್ತಾರೆ, ಪ್ರತಿ ಪುಸ್ತಕದಲ್ಲಿ ಈ ನಾಲ್ಕರಲ್ಲಿ ಯಾವುದೋ ಒಂದು ದೊಡ್ಡದಾಗಿ ತೆರೆದಿರುತ್ತದೆ ಎಂಬುದು ಅವರ ಮಾತು. ಕಥೆಯ ಬಾಗಿಲಿನಿಂದ ಬರುವವರು ಮುಂದೇನಾಯಿತು ಎಂದು ಕೇಳುತ್ತಾರೆ. ಭಾಷೆಯ ಬಾಗಿಲಿನಿಂದ ಬರುವವರು ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿ ತೋರಿಸುತ್ತಾರೆ. ನಮ್ಮ ವಿಮರ್ಶೆಗಳಲ್ಲಿ ಸವೆದುಹೋಗಿರುವ "ಓದಿಸಿಕೊಂಡು ಹೋಗುತ್ತದೆ" ಎಂಬ ಮಾತು ಕಥೆಯ ಬಾಗಿಲನ್ನು ಮಾತ್ರ ತೋರಿಸುತ್ತದೆ. ಇನ್ನು ಮೂರು ಬಾಗಿಲುಗಳು ತೆರೆದಿವೆಯೋ ಮುಚ್ಚಿವೆಯೋ ಅದರಿಂದ ತಿಳಿಯುವುದಿಲ್ಲ. ಕವಿತೆಗೆ, ಪ್ರಬಂಧಕ್ಕೆ, ವಿಜ್ಞಾನದ ಬರಹಕ್ಕೆ ಈ ವಿಂಗಡಣೆ ಅಷ್ಟಾಗಿ ಹೊಂದುವುದಿಲ್ಲ ಎಂಬುದು ನನ್ನ ಅನುಭವ. ಅಲ್ಲಿ ಲೇಖಕರು ಓದುಗರಿಗೆ ಎಷ್ಟು ಗೊತ್ತಿದೆಯೆಂದು ಊಹಿಸಿಕೊಂಡು ಬರೆದಿದ್ದಾರೆ ಎಂಬುದನ್ನು ಹೇಳುವುದು ಹೆಚ್ಚು ಸಹಾಯ ಮಾಡುತ್ತದೆ.

ಹೇಳುವ ಮಾತು ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಪುಸ್ತಕ ಕಲ್ಪಿತವಾದದ್ದು.

"ನಿವೃತ್ತ ಭೂಮಾಪಕನೊಬ್ಬ ತಾನು ಮೂವತ್ತು ವರ್ಷಗಳ ಹಿಂದೆ ಅಳೆದುಕೊಟ್ಟ ಜಮೀನಿಗೆ ಮರಳುವ ಕಾದಂಬರಿ, 280 ಪುಟ. ಮೊದಲ 60 ಪುಟಗಳಲ್ಲಿ ಏನೂ ನಡೆಯುವುದಿಲ್ಲ. ನನಗೆ ಅದೇ ಹಿಡಿಸಿತು. ಸಂಭಾಷಣೆ ಕಡಿಮೆ, ನೆಲ, ಬೇಲಿ, ಗುರುತಿನ ಕಲ್ಲುಗಳ ವಿವರ ಹೆಚ್ಚು. ನಡುವೆ ಮಗುವಿನ ಸಾವಿನ ಪ್ರಸಂಗವೊಂದಿದೆ. ಚುರುಕಾದ ಕಥೆ ಬೇಕೆನ್ನುವವರಿಗೆ ಬೇಸರವಾಗಬಹುದು. ಹಳೆಯ ತಪ್ಪೊಂದನ್ನು ಮನುಷ್ಯ ಒಪ್ಪಿಕೊಳ್ಳಲು ಎಷ್ಟು ಸುತ್ತು ಬರುತ್ತಾನೆ ಎಂಬುದನ್ನು ನೋಡುವ ತಾಳ್ಮೆಯಿದ್ದವರು ಓದಬಹುದು."

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಆದರೂ ಬರೆದವರಿಗೆ ಪುಸ್ತಕ ಇಷ್ಟವಾಗಿದೆ ಎಂಬುದು ತಿಳಿಯುತ್ತದೆ. ಕೆಲಸ ಮಾಡುವ ವಾಕ್ಯ ಎರಡನೆಯದು. ಅದನ್ನು ಓದಿದವರಲ್ಲಿ ಅರ್ಧದಷ್ಟು ಜನ ಅಲ್ಲಿಯೇ ಬೇಡವೆಂದು ನಿರ್ಧರಿಸಬಹುದು, ಉಳಿದವರು 60ನೆಯ ಪುಟದವರೆಗೆ ಗೊಣಗದೆ ಕಾಯುತ್ತಾರೆ. ಸಾವಿನ ಪ್ರಸಂಗದ ಉಲ್ಲೇಖವನ್ನು ಕೆಲವರು ಅತಿಯಾದ ಎಚ್ಚರಿಕೆ ಎನ್ನುತ್ತಾರೆ. ಇತ್ತೀಚೆಗೆ ಅಂತಹ ನೋವುಂಡವರಿಗೆ ಆ ಒಂದು ಸಾಲು ಎಷ್ಟು ದೊಡ್ಡ ಉಪಕಾರ ಎಂಬುದು ಅವರಿಗೆ ತಿಳಿಯದು.

ಪುಸ್ತಕವನ್ನು ನೀವು ಯಾವ ವಯಸ್ಸಿನಲ್ಲಿ, ಯಾವ ಸ್ಥಿತಿಯಲ್ಲಿ ಓದಿದಿರಿ ಎಂಬುದನ್ನೂ ಹೇಳಿ. ಹದಿನೇಳನೆಯ ವಯಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಓದಿದ ಕಾದಂಬರಿಯನ್ನು ನಲವತ್ತರ ಗೆಳೆಯರಿಗೆ ಕೊಡುವ ಮುನ್ನ ಮೂವತ್ತು ಪುಟಗಳನ್ನಾದರೂ ಮತ್ತೆ ಓದಿ ನೋಡುವುದು ಕ್ಷೇಮ. ಎಷ್ಟೋ ಸಲ ನಾವು ಶಿಫಾರಸು ಮಾಡುತ್ತಿರುವುದು ಆ ಪುಸ್ತಕವನ್ನಲ್ಲ, ಆ ರಾತ್ರಿಯನ್ನು.

ನಕ್ಷತ್ರಗಳ ಬಗ್ಗೆ ಒಂದು ಮಾತು. ಐದಕ್ಕೆ ಇಷ್ಟು ಎಂದು ಅಂಕ ಕೊಡುವುದು ಸುಲಭ, ಆದರೆ ಅಂಕದ ಅರ್ಥ ಎಲ್ಲರಿಗೂ ಒಂದೇ ಅಲ್ಲ. ಓದುಗರು ಪುಸ್ತಕಗಳಿಗೆ ಅಂಕ ಕೊಡುವ ಗುಡ್‌ರೀಡ್ಸ್ ಜಾಲತಾಣದಲ್ಲಿ ಎರಡು ನಕ್ಷತ್ರಕ್ಕೆ "ಪರವಾಗಿಲ್ಲ" ಎಂಬ ಅರ್ಥವೂ ಮೂರಕ್ಕೆ "ಇಷ್ಟವಾಯಿತು" ಎಂಬ ಅರ್ಥವೂ ಇದೆ. ಶಾಲೆಯ ಅಂಕಪಟ್ಟಿಯ ಕಣ್ಣಿನಿಂದ ನೋಡುವವರಿಗೆ ಐದಕ್ಕೆ ಮೂರು ಎಂದರೆ ಅರೆಮನಸ್ಸಿನ ತೇರ್ಗಡೆ. ಅಂಕ ಕೊಡಲೇಬೇಕೆಂದಿದ್ದರೆ ನಿಮ್ಮ ಮೂರು ಎಂದರೇನು, ನಾಲ್ಕು ಎಂದರೇನು ಎಂಬುದನ್ನು ಒಮ್ಮೆ ಬರೆದಿಟ್ಟು ಅದಕ್ಕೆ ಬದ್ಧರಾಗಿರಿ.

ಓದುತ್ತಿರುವಾಗಲೇ ಹೇಳುವುದು

ಓದುತ್ತಿರುವ ಪುಸ್ತಕದ ಬಗ್ಗೆ ಮಾತನಾಡುವುದು ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತನಾಡುವುದಕ್ಕಿಂತ ಬೇರೆಯೇ ಆದ ಕೆಲಸ. ಅಲ್ಲಿ ನಮಗೆ ತೀರ್ಪು ಕೊಡುವ ಅಧಿಕಾರ ಇನ್ನೂ ಬಂದಿರುವುದಿಲ್ಲ, ಬದಲಿಗೆ ಅನುಮಾನಪಡುವ, ಊಹಿಸುವ ಸುಖವಿರುತ್ತದೆ. ಆದ್ದರಿಂದ ಮೊದಲು ಎಲ್ಲಿದ್ದೀರಿ ಎಂಬುದನ್ನು ಹೇಳಿ, ಆಮೇಲೆ ಏನನ್ನಿಸುತ್ತಿದೆ ಎಂಬುದನ್ನು ಹೇಳಿ. ಮುದ್ರಿತ ಪುಸ್ತಕವಾದರೆ ಪುಟಸಂಖ್ಯೆ ಸಾಕು ಎಂದುಕೊಳ್ಳಬಹುದು, ಆದರೆ ಬೇರೆ ಆವೃತ್ತಿಯಲ್ಲಿ ಅದೇ ಪುಟದಲ್ಲಿ ಬೇರೆಯೇ ಭಾಗವಿರುತ್ತದೆ, ಇ-ಪುಸ್ತಕದಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪರದೆಗಳ ಲೆಕ್ಕವೇ ಬದಲಾಗುತ್ತದೆ, ಆಡಿಯೊ ಪುಸ್ತಕದಲ್ಲಿ ಪುಟವೇ ಇಲ್ಲ. ಎಲ್ಲರಿಗೂ ಹೊಂದುವುದು ಅಧ್ಯಾಯದ ಸಂಖ್ಯೆ. "ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿದ್ದೇನೆ, ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ನನ್ನ ಗುಮಾನಿ" ಎಂಬಷ್ಟು ಮಾತು ಒಳ್ಳೆಯ ಹರಟೆಯೊಂದನ್ನು ಹುಟ್ಟಿಸಬಲ್ಲದು. ಮುಂದೆ ಓದಿದವರು ನಗುತ್ತಾ ಸುಮ್ಮನಿರಬೇಕು, ಹಿಂದಿರುವವರು ಆ ಅಧ್ಯಾಯ ತಲುಪುವವರೆಗೆ ಕಿವಿ ಮುಚ್ಚಿಕೊಳ್ಳಬೇಕು.

ನಡುದಾರಿಯಲ್ಲಿ ತೀರ್ಪು ಕೊಟ್ಟು ನಾನು ಕೆಟ್ಟಿದ್ದೇನೆ. ಒಂದು ಕಾದಂಬರಿಯ 90ನೆಯ ಪುಟದಲ್ಲಿದ್ದಾಗ, ಕಥೆ ಹೇಳುವವನ ಜಂಭ ಸಹಿಸಲಾಗದೆ, ಲೇಖಕರಿಗೆ ತಮ್ಮ ಪಾತ್ರದ ಮೇಲೆ ಹಿಡಿತವೇ ಇಲ್ಲವೆಂದು ಜೊತೆಯಲ್ಲಿ ಓದುತ್ತಿದ್ದವರಿಗೆ ಉದ್ದನೆಯ ಸಂದೇಶ ಕಳುಹಿಸಿದೆ. ಅವನ ಜಂಭವನ್ನು ಲೇಖಕರು ಬೇಕೆಂದೇ ಹೆಣೆದಿದ್ದರು, ಅದು ಕಳಚಿ ಬೀಳುವುದೇ ಕಾದಂಬರಿಯ ಜೀವಾಳ ಎಂಬುದು ನನಗೆ ತಿಳಿದದ್ದು 200 ಪುಟ ದಾಟಿದ ಮೇಲೆ. ಅಷ್ಟರಲ್ಲಿ ನನ್ನ ಮಾತು ಕೇಳಿ ಇಬ್ಬರು ಓದು ನಿಲ್ಲಿಸಿದ್ದರು. ಅಂದಿನಿಂದ ನಡುವೆ ಬರೆಯುವ ಟಿಪ್ಪಣಿಗಳಲ್ಲಿ "ಸದ್ಯಕ್ಕೆ" ಎಂಬ ಪದವನ್ನು ಕಡ್ಡಾಯವಾಗಿ ಬಳಸುತ್ತೇನೆ, ಮುಗಿಸಿದ ಮೇಲೆ ಅಭಿಪ್ರಾಯ ಬದಲಾದರೆ ಹಳೆಯ ಟಿಪ್ಪಣಿಯನ್ನು ಅಳಿಸದೆ ಅದರ ಕೆಳಗೇ ಹೊಸದನ್ನು ಬರೆಯುತ್ತೇನೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಆ ಪುಸ್ತಕ ಓದುಗರನ್ನು ಹೇಗೆ ನಡೆಸಿಕೊಂಡು ಹೋಗುತ್ತದೆ ಎಂಬುದು ಯಾವ ವಿಮರ್ಶೆಗಿಂತಲೂ ಚೆನ್ನಾಗಿ ಗೊತ್ತಾಗುತ್ತದೆ.

ಇಬ್ಬರು ಮೂವರು ಸೇರಿ ಒಂದೇ ಪುಸ್ತಕ ಓದುವುದಾದರೆ ಮೊದಲ ಪುಟ ತೆರೆಯುವ ಮುನ್ನವೇ ನಿಲುಗಡೆಗಳನ್ನು ಗೊತ್ತುಮಾಡಿಕೊಳ್ಳಿ. ಅಧ್ಯಾಯಗಳ ಉದ್ದ ನೋಡಿ, ವಾರಕ್ಕೆ 60ರಿಂದ 80 ಪುಟಗಳಾಗುವಂತೆ ಭಾಗ ಮಾಡಿಕೊಂಡರೆ ಕೆಲಸಕ್ಕೆ ಹೋಗಿಬರುವವರಿಗೂ ನಡೆಯುತ್ತದೆ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ಓದುವವರ ವೇಗವೇ ಎಲ್ಲರ ವೇಗವಾಗಬೇಕು. ಮುಂದೆ ಓಡಿದವರು ಓಡಲಿ, ಆದರೆ ಮಾತು ಮಾತ್ರ ನಿಲುಗಡೆ ದಾಟಬಾರದು.

ಬಿಟ್ಟುಬಿಟ್ಟ ಪುಸ್ತಕವನ್ನೂ ಹೇಳಿಕೊಳ್ಳಿ, ನಾಚಿಕೆ ಬೇಡ. 50 ಪುಟ ಓದಿ ಹಿಡಿಸದಿದ್ದರೆ ಕೆಳಗಿಡಿ, ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು ಎಂಬ ಸೂತ್ರವೂ ನ್ಯಾನ್ಸಿ ಪರ್ಲ್ ಅವರದೇ. ಅದರಂತೆ ಎಪ್ಪತ್ತು ವರ್ಷದವರು 30 ಪುಟಕ್ಕೇ ತೀರ್ಮಾನಕ್ಕೆ ಬರಬಹುದು. ಎಷ್ಟನೆಯ ಪುಟದಲ್ಲಿ ಬಿಟ್ಟಿರಿ ಎಂಬುದನ್ನು ಹೇಳಿದರೆ ನಿಮ್ಮ ಅಭಿಪ್ರಾಯಕ್ಕೆ ಎಷ್ಟು ತೂಕ ಕೊಡಬೇಕೆಂದು ಕೇಳುವವರು ತಾವೇ ಲೆಕ್ಕಹಾಕುತ್ತಾರೆ.

ಗುಟ್ಟು ಬಿಡದೆ ಹೇಳುವುದು

ಸ್ಪಾಯ್ಲರ್ ಎಂದು ಎಲ್ಲರೂ ಹೆದರುವ, ಕಥೆಯ ಗುಟ್ಟನ್ನು ಮೊದಲೇ ಬಿಟ್ಟುಕೊಡುವ ಮಾತಿನ ಬಗ್ಗೆ 2011ರಲ್ಲಿ ಜೊನಾಥನ್ ಲೀವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕರವಾಗಿದೆ. ಸಣ್ಣ ಕಥೆಗಳ ಕೊನೆಯನ್ನು ಮೊದಲೇ ತಿಳಿದು ಓದಿದವರು, ತಿಳಿಯದೆ ಓದಿದವರಿಗಿಂತ ಕಥೆಯನ್ನು ಸರಾಸರಿಯಾಗಿ ಹೆಚ್ಚು ಮೆಚ್ಚಿದರು ಎಂಬುದು ಅವರು ಕಂಡುಕೊಂಡದ್ದು. ಇದನ್ನೇ ಮುಂದಿಟ್ಟುಕೊಂಡು ಗುಟ್ಟು ಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಣ್ಣ ಕಥೆಯ ಲೆಕ್ಕ ನಾನೂರು ಪುಟಗಳ ಕಾದಂಬರಿಗೆ ಹಾಗೆಯೇ ಸಲ್ಲುತ್ತದೆಂದು ಹೇಳುವಂತಿಲ್ಲ, ಅದಕ್ಕಿಂತ ಮುಖ್ಯವಾಗಿ ಕೊನೆಯನ್ನು ಮೊದಲೇ ತಿಳಿಯಬೇಕೇ ಬೇಡವೇ ಎಂಬುದು ಓದುವವರ ಆಯ್ಕೆ. ಬೇಕಿದ್ದವರು ಕೊನೆಯ ಪುಟವನ್ನು ತಾವೇ ತಿರುವಿ ನೋಡುತ್ತಾರೆ. ಒಮ್ಮೆ ಕೇಳಿಸಿಕೊಂಡದ್ದನ್ನು ಕೇಳಿಲ್ಲವೆಂದು ಮಾಡಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ.

ನಾನು ಪಾಲಿಸುವ ಗೆರೆ ಹೀಗಿದೆ: ಪುಸ್ತಕದ ಮೊದಲ ಐದನೆಯ ಒಂದು ಭಾಗದಲ್ಲಿ ಏನಿದೆಯೋ ಅದನ್ನು ಹೇಳಬಹುದು, ಅದರಾಚೆಗಿನದನ್ನು ಕೇಳಿ ಒಪ್ಪಿಗೆ ಪಡೆದು ಹೇಳಬೇಕು. 300 ಪುಟಗಳ ಪುಸ್ತಕಕ್ಕೆ ಇದು 60 ಪುಟ. ಬೆನ್ನುಡಿಯೇ ಈ ಗೆರೆಯನ್ನು ದಾಟಿದ್ದರೆ ಬೆನ್ನುಡಿ ಓದಬೇಡಿ ಎಂದು ಎಚ್ಚರಿಸುವುದೂ ಒಂದು ಸೇವೆ. ಹಳೆಯ ಪುಸ್ತಕವೆಂದ ಮಾತ್ರಕ್ಕೆ ಎಲ್ಲರಿಗೂ ಕಥೆ ಗೊತ್ತಿರುತ್ತದೆಂದು ಭಾವಿಸಬೇಡಿ, ಪ್ರತಿ ಪುಸ್ತಕಕ್ಕೂ ಇಂದು ಮೊದಲ ಸಲ ಅದನ್ನು ತೆರೆಯುವ ಓದುಗರಿರುತ್ತಾರೆ.

ಗುಟ್ಟು ಹೇಳದೆಯೂ ಗುಟ್ಟು ಬಿಡಬಹುದು. "ಕೊನೆಯ ಅಧ್ಯಾಯದವರೆಗೆ ತಾಳ್ಮೆಯಿಂದ ಓದಿ, ಆಮೇಲೆ ನೋಡಿ" ಎಂದು ನಾನೊಮ್ಮೆ ಗೆಳತಿಯೊಬ್ಬಳಿಗೆ ಹೇಳಿದ್ದೆ. ಅವಳು ಪುಸ್ತಕವನ್ನು ಹಿಂತಿರುಗಿಸುವಾಗ ಹೇಳಿದ್ದು ಇಷ್ಟು: "ಇಡೀ ಪುಸ್ತಕವನ್ನು ಕೊನೆಯ ಅಧ್ಯಾಯಕ್ಕಾಗಿ ಕಾಯುತ್ತಾ ಓದಿದೆ, ನಡುವೆ ಏನಿತ್ತೆಂಬುದೇ ನೆನಪಿಲ್ಲ." ತಿರುವು ಇದೆ ಎಂದು ಹೇಳುವುದೇ ತಿರುವಿನ ಅರ್ಧವನ್ನು ಹೇಳಿದಂತೆ.

ಉದ್ಧರಿಸುವುದು, ಪ್ರತಿ ಕೊಡುವುದು

ಮೆಚ್ಚಿದ ಸಾಲುಗಳನ್ನು ಹಂಚುವಾಗ ಪುಟಸಂಖ್ಯೆ, ಲೇಖಕರ ಹೆಸರು, ಅನುವಾದಕರ ಹೆಸರು ಜೊತೆಯಲ್ಲಿರಲಿ. ಹಕ್ಕುಸ್ವಾಮ್ಯದ ಬಗೆಗಿನ ಬರ್ನ್ ಒಡಂಬಡಿಕೆಯ 10ನೆಯ ವಿಧಿ ಪ್ರಕಟಿತ ಕೃತಿಯಿಂದ ಉದ್ಧರಿಸಲು ಅವಕಾಶ ಕೊಡುತ್ತದೆ, ಆದರೆ ಅದು ನ್ಯಾಯವಾದ ಬಳಕೆಗೆ ಹೊಂದುವಂತಿರಬೇಕು, ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಬಾರದು, ಮೂಲವನ್ನೂ ಲೇಖಕರನ್ನೂ ಹೆಸರಿಸಬೇಕು ಎನ್ನುತ್ತದೆ. ಒಂದು ಪ್ಯಾರಾದ ಫೋಟೊ ಒಂದು ಮಾತು, ಇಡೀ ಪುಸ್ತಕದ ಪಿಡಿಎಫ್ ಇನ್ನೊಂದು ಮಾತು. ಎರಡನೆಯದನ್ನು ಗುಂಪಿನಲ್ಲಿ ಹಾಕುವುದು ಮೆಚ್ಚಿದ ಲೇಖಕರಿಗೆ ತೋರುವ ವಿಚಿತ್ರ ಪ್ರೀತಿ. ಹಕ್ಕುಸ್ವಾಮ್ಯದ ಅವಧಿ ಅದೇ ಒಡಂಬಡಿಕೆಯ ಪ್ರಕಾರ ಲೇಖಕರ ಮರಣದ ನಂತರ ಕನಿಷ್ಠ 50 ವರ್ಷ, ಅನೇಕ ದೇಶಗಳಲ್ಲಿ 60 ಅಥವಾ 70. ಆ ಅವಧಿ ಮುಗಿದ ಕೃತಿಗಳನ್ನು 1971ರಲ್ಲಿ ಆರಂಭವಾದ ಉಚಿತ ಇ-ಪುಸ್ತಕಗಳ ತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಂತಹ ಸಂಗ್ರಹಗಳಿಂದ ಧಾರಾಳವಾಗಿ ಹಂಚಬಹುದು.

ಪುಸ್ತಕವನ್ನೇ ಎರವಲು ಕೊಡುವುದಾದರೆ ಕೊಟ್ಟ ದಿನಾಂಕವನ್ನು ಬರೆದಿಡಿ, ಒಳಗೆ ನಿಮ್ಮ ಹೆಸರಿರಲಿ. ಮರಳಿ ಬಾರದಿದ್ದರೆ ಮನಸ್ಸು ಕಹಿಯಾಗುವಂತಹ ಪ್ರತಿಯನ್ನು ಕೊಡಲೇಬೇಡಿ.

ಬೇರೆಯವರು ಹೇಳಿದ್ದನ್ನು ಸ್ವೀಕರಿಸುವುದು

ಹಂಚಿಕೊಳ್ಳುವುದರಲ್ಲಿ ಅರ್ಧ ಭಾಗ ಕೇಳುವುದು. ಯಾರಾದರೂ ಪುಸ್ತಕ ಹೇಳಿದೊಡನೆ "ಅದಾ, ಓದಿದ್ದೇನೆ, ಅಂತಹ ವಿಶೇಷವೇನಿಲ್ಲ" ಎನ್ನುವವರ ಎದುರು ಎರಡನೆಯ ಸಲ ಯಾರೂ ಪುಸ್ತಕದ ಹೆಸರೆತ್ತುವುದಿಲ್ಲ. ಓದಿದ್ದರೆ ಅವರಿಗೆ ಹಿಡಿಸಿದ ಭಾಗ ಯಾವುದೆಂದು ಕೇಳಿ. ಓದಿಲ್ಲವಾದರೆ ಓದಿಲ್ಲವೆಂದು ಹೇಳಿ. ಓದಿದವರಂತೆ ತಲೆಯಾಡಿಸುವುದು ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಹೇಳಿದ್ದನ್ನು ಓದಲಾಗದಿದ್ದರೆ ಅದನ್ನೂ ತಿಳಿಸಿ, ಆದರೆ ಪುಸ್ತಕ ಕೆಟ್ಟದ್ದು ಎನ್ನುವ ಬದಲು ನಿಮ್ಮ ಓದು ಎಲ್ಲಿ ನಿಂತಿತು ಎಂದು ಹೇಳಿ.

ನನ್ನ ಓದಿನ ಪಟ್ಟಿಯಲ್ಲಿ ಪುಸ್ತಕದ ಹೆಸರಿನ ಪಕ್ಕದಲ್ಲಿ "ಹೇಳಿದವರು" ಎಂಬ ಒಂದು ಅಂಕಣವಿದೆ. ಓದಲು ಕೆಲವೊಮ್ಮೆ ಎರಡು ಮೂರು ವರ್ಷಗಳೇ ಹಿಡಿಯುತ್ತವೆ. ಮುಗಿಸಿದ ದಿನ ಆ ಹೆಸರು ನೋಡಿ ಅವರಿಗೆ ಒಂದು ಸಾಲು ಬರೆಯುತ್ತೇನೆ. ಹೋದ ತಿಂಗಳು ಬರೆದದ್ದು ಹೀಗಿತ್ತು: "ನೀವು ಹೇಳಿದ್ದ ಆತ್ಮಕಥೆ ಇವತ್ತು ಮುಗಿಯಿತು. 140ನೆಯ ಪುಟದಲ್ಲಿ ಪೆಟ್ಟಿಗೆ ತೆರೆಯುವ ಪ್ರಸಂಗ ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಓಡಾಡಿದೆ. ನೀವೂ ಅಲ್ಲೇ ನಿಂತಿದ್ದಿರಾ?" ಅವರಿಗೆ ಆ ಪುಸ್ತಕ ಹೇಳಿದ್ದೇ ಮರೆತುಹೋಗಿತ್ತು. ಮತ್ತೊಮ್ಮೆ ಹುಡುಕಿ ತೆಗೆದು, ಆ ಪ್ರಸಂಗವನ್ನು ಓದಿ, ಮೂರು ದಿನದ ನಂತರ ಉತ್ತರಿಸಿದರು: "ಇಲ್ಲ, ನಾನು ನಿಂತದ್ದು ಅದರ ಮುಂದಿನ ಪುಟದಲ್ಲಿ."